ರೋಗವೋ, ಲಸಿಕೆಯ ನೆನಪೋ?

ಹೋದ ವರ್ಷ ಒಂದು ಸಂಜೆ, ಆಫೀಸಿಂದ ಹೊರಡೋ ಹೊತ್ತಿಗೆ ಅಪ್ಪನ ಫೋನು. "ಗೌರಿ ರಕ್ತದಲ್ಲಿ ಕಂದು ರೋಗ ಇದೆಯಂತೆ ಕಣೋ. ಇಟ್ಕೊಳ್ಳೋದೋ, ಮಾರೋದೋ?"

ಗೌರಿ ನಮ್ಮನೆ ಕಡಸು, ಆಗ ಹದಿನಾಲ್ಕು ತಿಂಗಳು. ಕಂದು ರೋಗ ಅಂದ್ರೆ ಬ್ರೂಸೆಲ್ಲೋಸಿಸ್. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತೆ. ಹಸಿ ಹಾಲಿನಿಂದ, ಮಾಸು ಮುಟ್ಟಿದ ಕೈಯಿಂದ ಮನುಷ್ಯರಿಗೂ ಹತ್ತುತ್ತೆ. ನಾನು ಕೇಳಿದ್ದು ಒಂದೇ: "ಕರುವಾಗಿದ್ದಾಗ ಲಸಿಕೆ ಹಾಕ್ಸಿತ್ತಾ ಅಪ್ಪಾ?" ಹಾಕಿಸಿದ್ದರು, ಏಳನೇ ತಿಂಗಳಲ್ಲಿ.

ಈ ಗೊಂದಲ ಹಳೆಯದು. 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಸೈನಿಕರ ಜ್ವರದ ರೋಗಾಣು ಕಂಡುಹಿಡಿದ. 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್, ದನಗಳು ಕಂದು ಹಾಕಲು ಕಾರಣವಾದ ರೋಗಾಣು ಗುರುತಿಸಿದ. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜರ್ಸಿ ಹಸುವಿನ ಹಾಲಿನಿಂದ ರೋಗಾಣು ಬೇರ್ಪಡಿಸಿದ. ಲ್ಯಾಬಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಉಳಿದ ಅದು ತಾನಾಗಿಯೇ ಸಪ್ಪೆಯಾಗಿತ್ತು. ಅದೇ ಎಸ್19 ಲಸಿಕೆಯಾಯಿತು.

ತೊಡಕು ಇಷ್ಟೇ. ರೋಗಾಣುವಿನ ಮೈಮೇಲೆ ಸಕ್ಕರೆ ಅಣುಗಳ ಒಂದು ಸರಪಳಿ ಇದೆ, ಎಸ್19ರ ಮೈಮೇಲೂ ಅದೇ ಇದೆ. ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ಸೀರಮ್ಮಿನ ಹನಿಗೆ ಗುಲಾಬಿ ಬಣ್ಣದ ದ್ರಾವಣ ಬೆರೆಸುತ್ತಾರೆ; ಆ ಸರಪಳಿ ಗುರುತಿಸುವ ಪ್ರತಿಕಾಯಗಳಿದ್ದರೆ 4 ನಿಮಿಷದೊಳಗೆ ಕಾಳುಕಾಳಾಗುತ್ತೆ. ಪರೀಕ್ಷೆ ನೋಡೋದು ರೋಗಾಣುವನ್ನಲ್ಲ, ದೇಹ ಬರೆದಿಟ್ಟ ಲಾಗನ್ನು. ಟೆಸ್ಟ್ ಸರ್ವರಿನ ಎರರ್ರೂ ಪ್ರೊಡಕ್ಷನ್ನಿನ ಎರರ್ರೂ ಒಂದೇ ಫೈಲಿಗೆ ಬಿದ್ದರೆ ನಮ್ಮ ಗತಿ ಏನು, ಹಾಗೆ.

ಪರಿಹಾರವೂ ಬಂತು. 1982ರ ಸುಮಾರಿಗೆ ವರ್ಜೀನಿಯಾ ಟೆಕ್‌ನಲ್ಲಿ ಗೆರ್ಹಾರ್ಡ್ ಶೂರಿಗ್, ರಿಫಾಂಪಿಸಿನ್ ಔಷಧಿಯ ನಡುವೆ ಮತ್ತೆ ಮತ್ತೆ ಬೆಳೆಸಿ, ಆ ಸರಪಳಿಯೇ ಇಲ್ಲದ ಆರ್‌ಬಿ51 ತಯಾರಿಸಿದರು. 1996ರಿಂದ ಅಮೆರಿಕದಲ್ಲಿ ಎಸ್19ರ ಜಾಗಕ್ಕೆ ಅದು ಬಂತು. ಲಸಿಕೆ ಹಾಕಿಸಿದ ಹಸು ಪರೀಕ್ಷೆಯಲ್ಲಿ ಸಿಕ್ಕಿಬೀಳೋದು ನಿಂತಿತು. ಆದರೆ 2017ರಲ್ಲಿ ಟೆಕ್ಸಾಸಿನಲ್ಲಿ ಹಸಿ ಹಾಲು ಕುಡಿದ ಮಹಿಳೆಯೊಬ್ಬರಿಗೆ ಆರ್‌ಬಿ51 ಸೋಂಕೇ ತಗುಲಿತು. ಮಾಮೂಲಿ ಪ್ರತಿಕಾಯ ಪರೀಕ್ಷೆಗೆ ಅದು ಕಾಣುವುದಿಲ್ಲ. ಈ ರೋಗಕ್ಕೆ ಕೊಡುವ ರಿಫಾಂಪಿಸಿನ್‌ಗೂ ಬಗ್ಗುವುದಿಲ್ಲ. ಹಸುವಿನಲ್ಲಿ ಅಳಿಸಿದ ಗುರುತು ಮನುಷ್ಯರಲ್ಲಿ ಬೇಕಾದಾಗಲೂ ಇರಲಿಲ್ಲ.

ನಮ್ಮಲ್ಲಿ 2019ರ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕುತ್ತಾರೆ. ಎಳೆಯದರಲ್ಲೇ ಯಾಕೆ? ಲಸಿಕೆಯ ಪ್ರತಿಕಾಯ ಬಹುಪಾಲು ಕರುಗಳಲ್ಲಿ ದೊಡ್ಡದಾಗೋ ಹೊತ್ತಿಗೆ ಇಳಿಯುತ್ತೆ. ನಿಜವಾದ ಸೋಂಕಿನದು ಸಾಮಾನ್ಯವಾಗಿ ಉಳಿಯುತ್ತೆ. ಊರಿನ ಡಾಕ್ಟ್ರು ಗೌರಿಯ ಕಿವಿಯೋಲೆಯ 12 ಅಂಕಿ ಹಾಕಿ ಲಸಿಕೆಯ ತಾರೀಕು ನೋಡಿದರು. "ಬೇರೆ ಕಟ್ಟಿ, ನಾಲ್ಕು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರು.

ಆ ನಾಲ್ಕು ತಿಂಗಳು ಅಪ್ಪ ಅವಳಿಗೆ ಹುಲ್ಲು ಹಾಕಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೀತಿದ್ರು, ಮಾತು ಕಮ್ಮಿಯಾಗಿತ್ತು. ಎರಡನೇ ಪರೀಕ್ಷೆಯಲ್ಲಿ ಕಾಳಾಗಲಿಲ್ಲ. ಗೌರಿ ಕೊಟ್ಟಿಗೆಗೆ ವಾಪಸ್ ಬಂದಳು.

ಆ ಓಲೆ ಎಲ್ಲಾದರೂ ಬೇಲಿಗೆ ಸಿಕ್ಕಿ ಬಿದ್ದುಹೋಗಿದ್ದಿದ್ರೆ ಏನಾಗ್ತಿತ್ತೋ ಅಂತ ಈಗಲೂ ಅನ್ಸುತ್ತೆ.