ಗುಂಡಿನ ವೇಗ ಅಳೆದವನ ಕಥೆ

ಹೋದ ತಿಂಗಳು ಮಡಿಕೇರಿ ಕಡೆಯ ಗೆಳೆಯನೊಬ್ಬ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಲೋ, ನೀನು ಇಂಜಿನಿಯರ್ ಅಲ್ವಾ? ಕೋವಿಯಿಂದ ಹೊರಟ ಗುಂಡು ಎಷ್ಟು ಸ್ಪೀಡಲ್ಲಿ ಹೋಗುತ್ತೆ ಅಂತ ತೋರಿಸೋ ಮೆಷಿನ್ ಇದೆಯಂತೆ. ಕ್ರೋನೋಗ್ರಾಫ್ ಅಂತೆ. ಮೂರು ತರ ಇದೆ. ಯಾವುದು ತಗೊಳ್ಳಲಿ ಹೇಳು."

ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಜಾವಾ ಕುಟ್ಟುವವನು. ಕೋವಿ ಮುಟ್ಟಿದ್ದು ಜಾತ್ರೆಯಲ್ಲಿ ಬಲೂನ್ ಹೊಡೆಯೋಕೆ ಮಾತ್ರ, ಅದರಲ್ಲೂ ಒಂದೂ ಒಡೆದಿರಲಿಲ್ಲ :-) ಆದರೆ "ಇಂಜಿನಿಯರ್ ಅಲ್ವಾ" ಅಂದಮೇಲೆ ಗೊತ್ತಿಲ್ಲ ಅನ್ನೋಕಾಗುತ್ತಾ? "ನೋಡಿ ಹೇಳ್ತೀನಿ" ಅಂದುಬಿಟ್ಟೆ.

ಅವರ ಮನೆಯಲ್ಲಿ ಅಜ್ಜನ ಕಾಲಕ್ಕೂ ಹಿಂದಿನ ಒಂದು ಕೇಪಿನ ಕೋವಿ ಇದೆ. ತೋಟಾ ಹಾಕುವ ಕೋವಿಯಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಮೇಲೆ ಗುಂಡು ಇಟ್ಟು, ಸರಳಿನಿಂದ ಜಡಿದು, ಹಿಂದೆ ಕೇಪು ಸಿಕ್ಕಿಸಿ ಹೊಡೆಯಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ನಿಮಗೆ ಗೊತ್ತಿರಬಹುದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರೆಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಜ್ಜನಿಗೆ ಈಗ ಕೈ ನಡುಗುತ್ತೆ, ಕಾಯಿ ತಪ್ಪುತ್ತೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರ, ಪ್ರತಿ ವರ್ಷ ಮದ್ದು ಸ್ವಲ್ಪ ಸ್ವಲ್ಪ ಜಾಸ್ತಿ ಹಾಕೋದು! "ಜಾಸ್ತಿ ಮದ್ದು, ಜಾಸ್ತಿ ವೇಗ, ನೇರ ಹೋಗುತ್ತೆ" ಅನ್ನೋದು ಅವರ ವಾದ. ಅಷ್ಟು ಹಳೆಯ ನಳಿಗೆ ಯಾವತ್ತಾದರೂ ಮುಖದ ಹತ್ತಿರವೇ ಸಿಡಿದರೆ ಅನ್ನೋದು ಗೆಳೆಯನ ಭಯ. ಮಾತಲ್ಲಿ ಹೇಳಿದರೆ ಅಜ್ಜ ಕೇಳೋರಲ್ಲ. ಹಾಗಾಗಿ ಇವನಿಗೆ ಕ್ರೋನೋಗ್ರಾಫ್ ಬೇಕಾಗಿದ್ದು ಹವ್ಯಾಸಕ್ಕಲ್ಲ, ಅಜ್ಜನ ಜೊತೆ ಜಗಳಕ್ಕೆ.

ಯಾವ ಮೆಷಿನ್ ಅಂತ ಹುಡುಕಲು ಹೊರಟವನಿಗೆ ಸಿಕ್ಕಿದ್ದು ಬೆಂಜಮಿನ್ ರಾಬಿನ್ಸ್ ಅನ್ನುವ ಮನುಷ್ಯ. ಎರಡು ವಾರ ಆಫೀಸಿನ ಊಟದ ಹೊತ್ತೆಲ್ಲ ಇವನ ಹಿಂದೆಯೇ ಕಳೆಯಿತು.

ಸ್ವಲ್ಪ ಯೋಚನೆ ಮಾಡಿ. ಗುಂಡು ಕಣ್ಣಿಗೆ ಕಾಣಲ್ಲ. ನೂರು ಅಡಿ ದಾಟಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಹದಿನಾರನೇ ಒಂದು ಭಾಗ. 1740ರ ಕಾಲದಲ್ಲಿ ಕರೆಂಟ್ ಇಲ್ಲ, ಕ್ಯಾಮೆರಾ ಇಲ್ಲ, ಇರುವ ಗಡಿಯಾರ ಸೆಕೆಂಡ್ ತೋರಿಸಿದರೆ ದೊಡ್ಡದು. ಇದನ್ನು ಅಳೆಯೋದು ಹೇಗೆ?

ರಾಬಿನ್ಸ್ 1707ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದವನು. ಮನೆಯವರು ಕ್ವೇಕರ್ ಪಂಥದವರು, ಯುದ್ಧವೇ ಬೇಡ ಅನ್ನುವವರು. ಅಂಥ ಮನೆಯ ಹುಡುಗ ಗಣಿತ ಕಲಿತು, ಫಿರಂಗಿಯ ಲೆಕ್ಕಕ್ಕೆ ಬಂದ! ವೂಲ್ವಿಚ್‌ನಲ್ಲಿ ಹೊಸದಾಗಿ ಶುರುವಾದ ಸೇನಾ ಅಕಾಡೆಮಿಯಲ್ಲಿ ಪಾಠ ಹೇಳುವ ಕೆಲಸಕ್ಕೆ ಪ್ರಯತ್ನಿಸಿದ, ಸಿಗಲಿಲ್ಲ. ಅಲ್ಲಿ ಹೇಳಬೇಕೆಂದುಕೊಂಡಿದ್ದನ್ನೇ ಬೆಳೆಸಿ 1742ರಲ್ಲಿ ಫಿರಂಗಿ ವಿದ್ಯೆಯ ಹೊಸ ತತ್ವಗಳ ಬಗ್ಗೆ ಒಂದು ಚಿಕ್ಕ ಪುಸ್ತಕ ತಂದ. ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಆದವರೆಲ್ಲ ಹೀಗೆ ಸೇಡು ತೀರಿಸಿಕೊಳ್ಳುವಂತಿದ್ದರೆ...

ಅವನು ಮಾಡಿದ ಉಪಾಯ ಕೇಳಿ. ಅವನು ಸಮಯವನ್ನು ಅಳೆಯಲೇ ಇಲ್ಲ. ಮೂರು ಕಾಲಿನ ಸ್ಟ್ಯಾಂಡಿಗೆ ಒಂದು ದೊಡ್ಡ ಲೋಲಕ ನೇತುಹಾಕಿದ. ಕಬ್ಬಿಣದ ಚೌಕಟ್ಟು, ಮುಂದೆ ದಪ್ಪ ಮರದ ಹಲಗೆ, ಎಲ್ಲ ಸೇರಿ 56 ಪೌಂಡ್ ಚಿಲ್ಲರೆ ತೂಕ. ಕೆಳಗಡೆ ಒಂದು ರಿಬ್ಬನ್ ಕಟ್ಟಿದ. ಗುಂಡು ಬಂದು ಹಲಗೆಯಲ್ಲಿ ಹೂತುಕೊಳ್ಳುತ್ತೆ, ಲೋಲಕ ಹಿಂದಕ್ಕೆ ತೂಗುತ್ತೆ, ರಿಬ್ಬನ್ ಎಷ್ಟು ಉದ್ದ ಹೊರಗೆ ಎಳೆದುಕೊಂಡಿತೋ ಅಷ್ಟೇ ನೋಡಿ ಲೆಕ್ಕ ಹಾಕೋದು. ಸೆಕೆಂಡಿನ ಭಾಗಗಳ ಪ್ರಶ್ನೆಯನ್ನು ಅವನು ತಕ್ಕಡಿ ಮತ್ತು ಅಳತೆಪಟ್ಟಿಯ ಪ್ರಶ್ನೆಯಾಗಿ ಬದಲಾಯಿಸಿಬಿಟ್ಟ.

ಲೆಕ್ಕ ನಮ್ಮ ಪಿಯುಸಿ ಫಿಸಿಕ್ಸೇ. ಗುಂಡಿನ ತೂಕ ಪೌಂಡಿನ ಹನ್ನೆರಡನೇ ಒಂದು ಭಾಗ. ಲೋಲಕ ಅದರ 670ರಷ್ಟು ಭಾರ. ತೂಕ ಗುಣಿಸು ವೇಗ, ಅಂದರೆ ಸಂವೇಗ, ಡಿಕ್ಕಿಗೆ ಮೊದಲೂ ಆಮೇಲೂ ಒಂದೇ. ಗುಂಡು ಸೆಕೆಂಡಿಗೆ 1,670 ಅಡಿ ವೇಗದಲ್ಲಿ ಬಂದರೆ ಲೋಲಕ ಸುಮಾರು ಎರಡೂವರೆ ಅಡಿ ವೇಗದಲ್ಲಿ ಹೊರಡುತ್ತೆ, ಬರೀ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಮೇಲೇರುತ್ತೆ. (ಲೋಲಕದ ಎಲ್ಲಿಗೆ ಗುಂಡು ಬಿತ್ತು ಅನ್ನೋದನ್ನೂ ಅವನು ಲೆಕ್ಕಕ್ಕೆ ತಗೊಂಡಿದ್ದ, ನಾನು ಸರಳ ಮಾಡಿದ್ದೀನಿ.)

ಇಲ್ಲೇ ಒಂದು ಹಳ್ಳ ಇದೆ, ನಾನೂ ಮೊದಲು ಬಿದ್ದೆ. ಸಂವೇಗದ ಬದಲು ಶಕ್ತಿ ಉಳಿಯುತ್ತೆ ಅಂತ ಲೆಕ್ಕ ಮಾಡಿದೆ. ಉತ್ತರ ಬಂತು ಸೆಕೆಂಡಿಗೆ 64 ಅಡಿ! ನಮ್ಮ ಸ್ಪಿನ್ ಬೌಲರ್‌ಗಳೇ ಅದಕ್ಕಿಂತ ಜೋರಾಗಿ ಹಾಕ್ತಾರೆ. ಗುಂಡಿನ ಶಕ್ತಿಯಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮರ ಸೀಳುವುದರಲ್ಲಿ, ಬಿಸಿಯಾಗುವುದರಲ್ಲಿ ಹೋಗಿಬಿಡುತ್ತೆ. ಲೋಲಕಕ್ಕೆ ಅದು ಗೊತ್ತೇ ಆಗಲ್ಲ. ಉಪಕರಣ ಒಂದೇ, ಓದಿದ ಸಂಖ್ಯೆ ಒಂದೇ. ಅದು ಏನನ್ನು ಅಳೆಯುತ್ತಿದೆ ಅಂತ ತಪ್ಪು ತಿಳಿದರೆ ಉತ್ತರ 26 ಪಟ್ಟು ತಪ್ಪು.

ಈಗ ನನಗೆ ಬಹಳ ಇಷ್ಟವಾದ ಭಾಗ. ರಾಬಿನ್ಸ್ ಅದೇ ಕೋವಿ, ಅಷ್ಟೇ ಮದ್ದು ಇಟ್ಟುಕೊಂಡು ಲೋಲಕವನ್ನು ಮಾತ್ರ ದೂರ ದೂರ ಸರಿಸಿದ. 25 ಅಡಿಯಲ್ಲಿ ವೇಗ 1,670. 75 ಅಡಿಯಲ್ಲಿ 1,550. 125 ಅಡಿಯಲ್ಲಿ 1,425. ಐವತ್ತು ಅಡಿ ಅಂದರೆ ಕ್ರಿಕೆಟ್ ಪಿಚ್‌ಗಿಂತ ಕಮ್ಮಿ. ಅಷ್ಟರಲ್ಲಿ ಸೆಕೆಂಡಿಗೆ 120 ಅಡಿ ವೇಗ ಮಾಯ! ಇದನ್ನು ತಿಂದಿದ್ದು ಯಾರು? ಗಾಳಿ. ಲೆಕ್ಕ ಹಾಕಿದರೆ ಗಾಳಿಯ ತಡೆ ಗುಂಡಿನ ತೂಕದ 120 ಪಟ್ಟು.

ಅಲ್ಲಿಯವರೆಗೆ ಫಿರಂಗಿಯವರ ಪುಸ್ತಕಗಳಲ್ಲಿ ಗುಂಡಿನ ದಾರಿ ಅಂದರೆ ಪರವಲಯ. ಗೆಲಿಲಿಯೋ 1638ರಲ್ಲಿ ತೋರಿಸಿದ್ದು. ಬಹಳ ವೇಗದ ಕೋವಿಗುಂಡಿಗೆ ಇದು ಸರಿಹೊಂದಲಿಕ್ಕಿಲ್ಲ ಅಂತ ಅವನೇ ಎಚ್ಚರಿಸಿದ್ದ. ಆದರೆ ಗಾಳಿ ಎಷ್ಟು ತೆಳು, ಸೀಸ ಎಷ್ಟು ಭಾರ ಅಂತ ಅಂದುಕೊಂಡು ಆಮೇಲಿನವರು ಅದನ್ನು ಬದಿಗೆ ಸರಿಸಿದ್ದರು. ಪರವಲಯದ ಲೆಕ್ಕ ನಂಬಿದರೆ ಸೆಕೆಂಡಿಗೆ 1,670 ಅಡಿಯ ಗುಂಡನ್ನು 45 ಡಿಗ್ರಿಯಲ್ಲಿ ಹೊಡೆದರೆ 16 ಮೈಲಿ ಹೋಗಬೇಕು. ನಿಜವಾಗಿ ಅದು ಒಂದು ಮೈಲಿಯನ್ನೂ ದಾಟುವುದಿಲ್ಲ. ನೂರು ವರ್ಷ ಯಾರೂ ಅಳೆಯದೇ ಇದ್ದಿದ್ದಕ್ಕೆ ಈ ತಪ್ಪು ಹಾಗೇ ಉಳಿದಿತ್ತು. ಅಷ್ಟೇ ಅಲ್ಲ, ಶಬ್ದದ ವೇಗದ ಹತ್ತಿರ ಬಂದಾಗ ಗಾಳಿಯ ತಡೆ ಇದ್ದಕ್ಕಿದ್ದಂತೆ ಬದಲಾಗುತ್ತೆ ಅನ್ನುವುದನ್ನೂ ಇವನು ಗಮನಿಸಿದ. ವಿಮಾನಗಳು ಬರಲು ಇನ್ನೂ ನೂರೈವತ್ತಕ್ಕೂ ಹೆಚ್ಚು ವರ್ಷ ಇತ್ತು!

1745ರಲ್ಲಿ ಮಹಾಗಣಿತಜ್ಞ ಆಯ್ಲರ್ ಈ ಪುಸ್ತಕವನ್ನು ಜರ್ಮನ್‌ಗೆ ಅನುವಾದಿಸಿದ, ಮೂಲಕ್ಕಿಂತ ತನ್ನ ಟಿಪ್ಪಣಿಯೇ ಎಷ್ಟೋ ಪಾಲು ದೊಡ್ಡದಾಗುವಂತೆ. 1746ರಲ್ಲಿ ರಾಯಲ್ ಸೊಸೈಟಿ ರಾಬಿನ್ಸ್‌ಗೆ ಕಾಪ್ಲಿ ಪದಕ ಕೊಟ್ಟಿತು. ಆಮೇಲೆ? ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಇಂಜಿನಿಯರ್ ಮಾಡಿ ನಮ್ಮ ಕಡೆಗೇ ಕಳಿಸಿತು. 1746ರಲ್ಲಿ ಫ್ರೆಂಚರು ಮದ್ರಾಸು ಹಿಡಿದುಕೊಂಡಿದ್ದರಲ್ಲ, ಅದು ವಾಪಸ್ ಬಂದಮೇಲೆ ಕೋಟೆಗಳನ್ನು ಗಟ್ಟಿ ಮಾಡಬೇಕಿತ್ತು. 1750ರಲ್ಲಿ ಬಂದ. ಮಾರನೇ ವರ್ಷ, 1751ರ ಜುಲೈನಲ್ಲಿ, ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. 44 ವರ್ಷ. ಬೆಂಗಳೂರಿನ ಎಲ್ಲ ಸಾಫ್ಟ್‌ವೇರ್‌ನವರ ಹಾಗೆ ನಾನೂ ವೀಕೆಂಡ್‌ಗೆ ಪಾಂಡಿಚೇರಿಗೆ ಹೋಗಿ, ಅಲ್ಲಿಂದ ಕಡಲೂರಿನ ಬೀಚಿಗೂ ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೆ. ಇಂಥವನೊಬ್ಬ ಅಲ್ಲಿ ಸತ್ತಿದ್ದ ಅನ್ನೋದು ಆಗ ಗೊತ್ತೇ ಇರಲಿಲ್ಲ.

ಸಮಯವನ್ನೇ ನೇರವಾಗಿ ಹಿಡಿಯಲು ವಿದ್ಯುತ್ ಬರಬೇಕಾಯಿತು. 1860ರ ದಶಕದಲ್ಲಿ ಬೆಲ್ಜಿಯಂನ ಸೇನಾಧಿಕಾರಿ ಲ ಬೂಲಾಂಜೆ ಮಾಡಿದ ಕ್ರೋನೋಗ್ರಾಫ್ ನೋಡಿದರೆ ಖುಷಿಯಾಗುತ್ತೆ. ಗುಂಡಿನ ದಾರಿಯಲ್ಲಿ ಎರಡು ತಂತಿಯ ಪರದೆ. ಮೊದಲನೆಯದು ಹರಿದಾಗ ವಿದ್ಯುದಯಸ್ಕಾಂತ ಕೈಬಿಟ್ಟು ಒಂದು ಉದ್ದ ಸರಳು ಬೀಳಲು ಶುರು. ಎರಡನೆಯದು ಹರಿದಾಗ ಇನ್ನೊಂದು ತೂಕ ಬಿದ್ದು ಚಾಕುವಿನ ಚಿಲಕ ಬಿಡಿಸುತ್ತೆ, ಚಾಕು ಬೀಳುತ್ತಿರುವ ಸರಳಿನ ಮೇಲೆ ಗೀರು ಹಾಕುತ್ತೆ. ಗೀರು ಎಷ್ಟು ಮೇಲಿದೆ ನೋಡಿದರೆ ಸಮಯ ಸಿಕ್ಕಿತು. ಗಡಿಯಾರ ಯಾವುದು? ಭೂಮಿಯ ಗುರುತ್ವ! ಉಪಕರಣ ತಾನೇ ತಿನ್ನುವ ಸಮಯ ಕಂಡುಹಿಡಿಯಲು ಮೊದಲು ಎರಡೂ ತಂತಿಯ ಕರೆಂಟನ್ನು ಒಟ್ಟಿಗೆ ಕಡಿದು ಒಂದು ಗೀರು ಹಾಕಿ, ಅದನ್ನು ಕಳೆಯುತ್ತಿದ್ದರು. ನಾವು ಖಾಲಿ ಲೂಪ್ ಓಡಿಸಿ ಅದರ ಸಮಯ ಕಳೆಯುವುದೂ ಇದೇ ತಾನೇ?

ಇದನ್ನು ಓದುವಾಗ ಹಳೆಯ ಗಾಯವೊಂದು ನೆನಪಾಯಿತು. ಮೊದಲ ಕೆಲಸದಲ್ಲಿ, ನಾನು ಬರೆದ ಕೋಡು ಮೂರು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತೆ ಅಂತ ಮೀಟಿಂಗಿನಲ್ಲಿ ಗ್ರಾಫ್ ತೋರಿಸಿ ಬೀಗಿದ್ದೆ. ಬಳಸುವವರು ಮಾತ್ರ ನಿಧಾನ ಅಂತ ಬೈತಾನೇ ಇದ್ದರು. ಒಂದು ತಿಂಗಳಾದಮೇಲೆ ಗೊತ್ತಾಯ್ತು, ನಾನು ಅಳೆದಿದ್ದು ಕೆಲಸ ಮುಗಿಯುವ ಸಮಯವನ್ನಲ್ಲ, ಕೆಲಸ ಕ್ಯೂಗೆ ಸೇರುವ ಸಮಯವನ್ನು. ಸಂಖ್ಯೆ ಸುಳ್ಳಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆ.

ಸರಿ, ಗೆಳೆಯನ ಪ್ರಶ್ನೆಗೆ ಬರೋಣ. ಈಗ ಸಿಗುವವು ಮುಖ್ಯವಾಗಿ ಮೂರು ಬಗೆ.

ಒಂದು, ಬೆಳಕಿನದು. ಎರಡು ಸೆನ್ಸರ್ ಮೇಲೆ ಗುಂಡಿನ ನೆರಳು ಹಾದುಹೋಗುವ ಸಮಯ ನೋಡುತ್ತೆ. ಅಗ್ಗ. ಆದರೆ ನೆರಳು ಯಾರದ್ದು ಅಂತ ಅದಕ್ಕೆ ಗೊತ್ತಿಲ್ಲ! ಕೇಪಿನ ಕೋವಿ ಗುಂಡಿನ ಜೊತೆ ದಟ್ಟ ಹೊಗೆ, ಉರಿಯದ ಮದ್ದಿನ ಕಾಳು, ಗುಂಡಿಗೆ ಸುತ್ತಿದ ಬಟ್ಟೆ ಎಲ್ಲವನ್ನೂ ಉಗುಳುತ್ತೆ. ಹತ್ತಿರ ಇಟ್ಟರೆ ಬಟ್ಟೆಯ ವೇಗವನ್ನೇ ತೋರಿಸೀತು. ಎರಡು ಅಡಿ ಅಂತರದ ಸೆನ್ಸರ್ ಕಾಲಿಂಚು ಸರಿದರೂ ನೂರಕ್ಕೆ ಒಂದು ಪಾಲು ತಪ್ಪು.

ಎರಡು, ನಳಿಗೆಯ ತುದಿಗೇ ಕಟ್ಟುವ ಅಯಸ್ಕಾಂತದ ಬಗೆಯದು. ಬೆಳಕಿನ ಗೊಡವೆ ಇಲ್ಲ. ಆದರೆ ಈ ಕೋವಿಗೆ ಪ್ರತಿ ಸಲವೂ ಮದ್ದು ತುಂಬುವುದು ಅದೇ ಬಾಯಿಂದ, ಸರಳು ಇರುವುದು ಅದೇ ನಳಿಗೆಯ ಕೆಳಗೆ. ದಾರಿಗೆ ಅಡ್ಡ.

ಮೂರು, ರಾಡಾರ್. ಪಕ್ಕದಲ್ಲಿ ಇಟ್ಟರೆ ಸಾಕು, ಹೊಗೆಯ ಚಿಂತೆ ಇಲ್ಲ. ಗಾರ್ಮಿನ್‌ನವರು 2023ರಲ್ಲಿ ಅಂಗೈಯಗಲದ್ದು ತಂದಿದ್ದಾರೆ. ದುಡ್ಡಿದ್ದರೆ ಇದೇ. ಒಂದು ಜಗಳಕ್ಕೆ ಅಷ್ಟು ದುಡ್ಡಾ?

"ಬೆಳಕಿನದ್ದೇ ತಗೋ. ಆದರೆ ನಳಿಗೆಯಿಂದ ಹದಿನೈದು ಅಡಿ ದೂರ ಇಡು" ಅಂದೆ. ಅಷ್ಟು ದೂರದಲ್ಲಿ ನಿಜವಾದ ವೇಗಕ್ಕಿಂತ ಸ್ವಲ್ಪ ಕಮ್ಮಿ ತೋರಿಸುತ್ತೆ, ರಾಬಿನ್ಸ್‌ನ ಲೆಕ್ಕದಂತೆ ಸುಮಾರು 35 ಅಡಿ. ಪರವಾಗಿಲ್ಲ, ಎಲ್ಲ ಗುಂಡಿಗೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ, ನಮಗೆ ಬೇಕಿರುವುದು ಹೋಲಿಕೆ ಮಾತ್ರ. ಇನ್ನೊಂದು ಮಾತೂ ಹೇಳಿದೆ. "ಅಜ್ಜನ ಅಳತೆ ಮೀರಿ ಒಂದು ಚಿಟಿಕೆಯೂ ಹಾಕಬೇಡ. ಅಲ್ಲಿಂದ ಕೆಳಗೆ ಇಳಿಸುತ್ತಾ ಹೋಗು. ಒಂದೊಂದು ಅಳತೆಗೆ ಐದೈದು ಗುಂಡು."

ಹೋದ ಭಾನುವಾರ ಮತ್ತೆ ಫೋನ್ ಬಂತು. ಮಹಾಶಯ ನನ್ನ ಮಾತು ಬಿಟ್ಟು ಮೊದಲು ನಾಲ್ಕು ಅಡಿಯಲ್ಲೇ ಇಟ್ಟಿದ್ದಾನೆ. ಮೆಷಿನ್ ಬಾಯಿಗೆ ಬಂದಿದ್ದೆಲ್ಲ ಹೇಳಿದೆ, ಅಜ್ಜ ಹೊಟ್ಟೆ ಹಿಡಿದು ನಕ್ಕಿದ್ದಾರೆ. ಹದಿನೈದು ಅಡಿಗೆ ಸರಿಸಿದ ಮೇಲೆ ಸಂಖ್ಯೆಗಳು ಒಂದು ಹದಕ್ಕೆ ಬಂದವು. ಮದ್ದು ಇಳಿಸಿದಾಗ ವೇಗ ಇಳಿಯಿತು, ನಿಜ. ಆದರೆ ಅಜ್ಜ ಇತ್ತೀಚಿನ ವರ್ಷಗಳಲ್ಲಿ ಸೇರಿಸಿದ್ದರಿಂದ ಸಿಕ್ಕ ವೇಗ, ಒಂದೇ ಅಳತೆಯ ಐದು ಗುಂಡುಗಳ ನಡುವಿನ ಏರುಪೇರಿಗಿಂತ ಕಮ್ಮಿಯಿತ್ತಂತೆ. ಹೆಚ್ಚಾಗಿದ್ದು ಹೊಗೆ ಮತ್ತು ಭುಜದ ನೋವು ಮಾತ್ರ.

"ಅಜ್ಜ ಒಪ್ಪಿದ್ರಾ?" ಅಂದೆ.

"ಎಲ್ಲಿ ಒಪ್ತಾರೆ! ನಿನ್ನ ಡಬ್ಬಕ್ಕೇನು ಗೊತ್ತು ಅಂತ ಎದ್ದು ಹೋದರು. ಬೆಳಿಗ್ಗೆ ನೋಡಿದರೆ ಮದ್ದು ಅಳೆಯೋ ಬಿದಿರಿನ ಕೊಳವೆಯನ್ನ ಒಂದು ಬೆರಳಿನಷ್ಟು ಕೊಯ್ದಿಟ್ಟಿದ್ದರು. ನಾನೂ ಏನೂ ಕೇಳಲಿಲ್ಲ."

ಅಂದಹಾಗೆ, ನಿಮ್ಮ ಊರುಗಳಲ್ಲಿ ಕೇಪಿನ ಕೋವಿಗೆ, ಅದರ ಭಾಗಗಳಿಗೆ ಏನೇನು ಹೆಸರಿದೆ? ಮದ್ದು ಜಡಿಯುವ ಸರಳಿಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಗೊತ್ತಿದ್ದವರು ಕಾಮೆಂಟಿನಲ್ಲಿ ತಿಳಿಸಿ.