ಸೌಂಡ್ ಮಾಡ್ಯೂಲಿನ ಒಳಗೊಂದು ಬೋರ್ಡ್

ಕೀಲಿಮಣೆ ಇಲ್ಲದ ಸಿಂಥಸೈಸರೇ ಸೌಂಡ್ ಮಾಡ್ಯೂಲ್. ಕೀಬೋರ್ಡೋ ಕಂಪ್ಯೂಟರೋ ‘ಈ ಸ್ವರ, ಇಷ್ಟು ಜೋರು’ ಎಂದು ಮಿಡಿ ಕೇಬಲ್ಲಿನಲ್ಲಿ ಸಂದೇಶ ಕಳಿಸಿದರೆ ಇದು ನುಡಿಯುತ್ತದೆ. (ಕನ್ನಡದ ‘ಮಿಡಿ’ಗೂ ಇದಕ್ಕೂ ನಂಟಿಲ್ಲ, ಹೊಂದಿಕೊಂಡಿದೆ, ಅಷ್ಟೇ.) ಜಪಾನಿನ ರೋಲ್ಯಾಂಡ್ 1994ರಲ್ಲಿ ತಂದ ಜೆವಿ-1080 ಈ ಜಾತಿಯಲ್ಲಿ ತುಂಬ ಹೆಸರು ಮಾಡಿತು. ಆ ಹೆಸರಿನಲ್ಲಿ ಒಳಗಿದ್ದ ನಾಲ್ಕು ಖಾಲಿ ಸ್ಲಾಟ್‌ಗಳ ಪಾಲು ದೊಡ್ಡದು.

ಬೋರ್ಡಿನಲ್ಲಿ ಏನಿದೆ?

ಮಾಡ್ಯೂಲಿನ ಸ್ವಂತ ಧ್ವನಿಸಂಗ್ರಹ 8 ಎಂಬಿ. ಎಸ್‌ಆರ್-ಜೆವಿ80 ಸರಣಿಯ ಒಂದೊಂದು ಬೋರ್ಡ್ ಇನ್ನೊಂದು 8 ಎಂಬಿ ಸೇರಿಸುತ್ತದೆ. ನಾಲ್ಕೂ ಸ್ಲಾಟ್ ತುಂಬಿ, ಮುಂಭಾಗದಲ್ಲಿ 2 ಎಂಬಿಯ ಕಾರ್ಡ್ ಹಾಕಿದರೆ ಒಟ್ಟು 42. ಇವತ್ತಿನ ಫೋನಿನಲ್ಲಿ ಹತ್ತು ಫೋಟೊ ತಿನ್ನುವ ಜಾಗ! ಸರಣಿಯಲ್ಲಿ 01 ಪಾಪ್, 02 ಆರ್ಕೆಸ್ಟ್ರಲ್, 04 ವಿಂಟೇಜ್ ಸಿಂಥ್ ಹೀಗೆ ನಂಬರುಗಳು. 14ನೆಯದು ಏಷ್ಯಾ ಖಂಡದ ವಾದ್ಯಗಳಿಗೆ ಮೀಸಲು.

ಉಗ್ರಾಣ ದೊಡ್ಡದಾದರೂ ಒಲೆಗಳು ಅಷ್ಟೇ ಎಂಬುದು ನೆನಪಿರಲಿ. ಜೆವಿ-1080 ಒಮ್ಮೆಗೆ ನುಡಿಸಬಲ್ಲದ್ದು 64 ಧ್ವನಿ. ನಾಲ್ಕು ಟೋನ್ ಬೆರೆಸಿದ ಪ್ಯಾಚ್ (ಸಿದ್ಧ ಧ್ವನಿ) ಆದರೆ 16 ಸ್ವರಕ್ಕೇ ಲೆಕ್ಕ ಮುಗಿಯಿತು. ಎಷ್ಟು ಬೋರ್ಡ್ ಹಾಕಿದರೂ ಈ ಲೆಕ್ಕ ಬದಲಾಗದು. ಯಮಹಾದ ಪಿಎಲ್‌ಜಿ ಬೋರ್ಡುಗಳ ದಾರಿ ಬೇರೆ: ಅವು ತಮ್ಮ ಒಲೆಯನ್ನೂ ಹೊತ್ತು ತರುತ್ತವೆ. ಪಿಎಲ್‌ಜಿ150-ಎಎನ್ ತನ್ನದೇ ಚಿಪ್ಪಿನಿಂದ ಅನಲಾಗ್ ಸಿಂಥಸೈಸರನ್ನು ಅನುಕರಿಸಿ 5 ಸ್ವರ ನುಡಿಸುತ್ತದೆ.

ಕೂರಿಸುವ ಬಗೆ

ಮೊದಲು ನೀವೇ ಮಾಡಿಟ್ಟ ಪ್ಯಾಚ್‌ಗಳನ್ನು ಮಿಡಿ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಚ್ಚಳ ತೆಗೆದ ಮೇಲೆ ಹಳೆಯ ಬ್ಯಾಟರಿಯನ್ನೂ ಬದಲಿಸೋಣ ಅನ್ನಿಸುವುದು ಸಹಜ. ಅದನ್ನು ತೆಗೆದೊಡನೆ ಆ ಪ್ಯಾಚ್‌ಗಳು ಅಳಿಸಿಹೋಗುತ್ತವೆ. ಬೋರ್ಡಿನಲ್ಲಿರುವುದಕ್ಕೆ ಬ್ಯಾಟರಿಯ ಹಂಗಿಲ್ಲ.

ಪವರ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮೈಮೇಲಿನ ಸ್ಥಾಯೀ ವಿದ್ಯುತ್ ಇಳಿಯಲು ಲೋಹವನ್ನೊಮ್ಮೆ ಮುಟ್ಟಿ, ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಕನೆಕ್ಟರುಗಳು ಒಂದಕ್ಕೊಂದು ಸರಿಯಾಗಿ ಎದುರಾದ ಮೇಲೆಯೇ ಒತ್ತಬೇಕು; ಪ್ಲಾಸ್ಟಿಕ್ ಗೂಟಗಳು ಬೋರ್ಡಿನ ತೂತುಗಳಲ್ಲಿ ತೂರಿ ಮೇಲೆ ಬರುತ್ತವೆ. ಬೋರ್ಡಿನ ಜತೆ ಕೊಡುತ್ತಿದ್ದ ಪುಟ್ಟ ಸಾಧನದಿಂದ ಅವನ್ನು ‘ಲಾಕ್’ ಕಡೆಗೆ ತಿರುಗಿಸಿದರೆ ಬೋರ್ಡ್ ಅಲುಗಾಡದು. ಬಲ ಬೇಕೆನಿಸಿದರೆ ಎಲ್ಲೋ ಓರೆಯಾಗಿದೆ ಎಂದೇ ಅರ್ಥ. ಕಳಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿಡಿ. ಒಂದು ಒಳಗೆ ಬಿದ್ದರೂ ಅದು ಸಿಗುವವರೆಗೆ ಪವರ್ ಹಾಕುವಂತಿಲ್ಲ.

ನುಡಿಸುವಾಗ

ಮಾಡ್ಯೂಲಿನ ಮುಂಫಲಕದಲ್ಲಿ ಸ್ಲಾಟ್‌ಗಳ ಹೆಸರು ಎ, ಬಿ, ಸಿ, ಡಿ. ಮಿಡಿ ಮೂಲಕ ಕರೆಯುವಾಗ ಮಾತ್ರ ಸ್ಲಾಟ್ ಯಾವುದಾದರೂ ಸರಿ, ಬೋರ್ಡಿನ ನಂಬರೇ ವಿಳಾಸ. ಧ್ವನಿಗಳ ಗುಂಪನ್ನು ಆರಿಸುವ ಬ್ಯಾಂಕ್ ಸೆಲೆಕ್ಟ್ ಸಂದೇಶದ ಮೊದಲ ಸಂಖ್ಯೆ ಎಲ್ಲ ಬೋರ್ಡಿಗೂ 84. ಎರಡನೆಯದು ಪಾಪ್‌ಗೆ 0 ಮತ್ತು 1, ಆರ್ಕೆಸ್ಟ್ರಲ್‌ಗೆ 2 ಮತ್ತು 3. ಹೀಗೇ ಎಣಿಸುತ್ತ ಹೋದರೆ ಏಷ್ಯಾ ಬೋರ್ಡ್ 26ರಿಂದ ಶುರು. ಇವೆರಡರ ಹಿಂದೆ ಪ್ರೋಗ್ರಾಂ ಚೇಂಜ್ ಸಂದೇಶವೂ ಹೋಗಬೇಕು, ಇಲ್ಲವಾದರೆ ಹಳೆಯ ಧ್ವನಿಯೇ ಮುಂದುವರಿಯುತ್ತದೆ.

ಒಂಟಿಯಾಗಿ ನುಡಿಸಿದಾಗ ಕಳೆಗಟ್ಟಿದ ಪ್ಯಾಚ್, ಹದಿನಾರು ವಾದ್ಯ ಕೂಡಿದ ಪರ್ಫಾರ್ಮೆನ್ಸ್‌ನಲ್ಲಿ ಸಪ್ಪೆಯಾಗುವುದುಂಟು. ಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ: ಜೆವಿ-1080ರಲ್ಲಿ ಧ್ವನಿಗೆ ಮೆರುಗು ಕೊಡುವ ಇಎಫ್‌ಎಕ್ಸ್ ಇರುವುದು ಒಂದೇ, ಅದನ್ನು ಬೇರೊಂದು ವಾದ್ಯ ಹಿಡಿದಿರುತ್ತದೆ. ಮುಂದೆ ಬಂದ ಜೆವಿ-2080ರಲ್ಲಿ ಎಂಟು ಸ್ಲಾಟ್, ಮೂರು ಇಎಫ್‌ಎಕ್ಸ್. ಸ್ವರದಿಂದ ಸ್ವರಕ್ಕೆ ಜಾರುವ ಸಿತಾರದ ಮೀಂಡ್ ಮಾತ್ರ ಎರಡರಲ್ಲೂ ತಾನಾಗಿ ಬರುವುದಿಲ್ಲ. ಪಿಚ್ ಬೆಂಡಿನ ಮೇಲೆ ಬೆರಳು ಪಳಗಬೇಕು.

ಹಳೆಯ ಬೋರ್ಡ್ ಕೊಳ್ಳುವಾಗ

ಇವು ಈಗ ಸೆಕೆಂಡ್ ಹ್ಯಾಂಡಿನಲ್ಲೇ ಸಿಗಬೇಕು. ಎಸ್‌ಆರ್‌ಎಕ್ಸ್ ಎಂದು ಬರೆದದ್ದು ಮುಂದಿನ ತಲೆಮಾರಿನದು, ಜೆವಿ-1080ಕ್ಕೆ ಕೂರುವುದಿಲ್ಲ. 2000ದಲ್ಲಿ ಬಂದ ಎಕ್ಸ್‌ವಿ-5080ರಲ್ಲಿ ಎರಡೂ ಬಗೆಗೆ ನಾಲ್ಕು ನಾಲ್ಕು ಸ್ಲಾಟ್ ಇವೆ. ಮಾಡ್ಯೂಲನ್ನೇ ಬೋರ್ಡ್ ಸಮೇತ ಮಾರುವವರಿದ್ದರೆ ಮುಚ್ಚಳ ಬಿಚ್ಚುವ ಗೋಜೂ ಬೇಡ, ನಾಲ್ಕೂ ಸ್ಲಾಟಿನ ಪ್ಯಾಚ್‌ಗಳನ್ನು ಅಲ್ಲೇ ನುಡಿಸಿ ನೋಡಿ.