ಪ್ರತಿವಾದಿ ನಂಬರ್ ಮೂರು

ಶಿರಸಿ ಸೀಮೆಯ ಚರಿತ್ರೆ ಅಂದ ಕೂಡಲೆ ಬನವಾಸಿಯ ಕದಂಬರು, ಸೋಂದೆಯ ಅರಸರು, ಮಠಗಳು, ಶಾಸನಗಳು ಸಾಲುಗಟ್ಟಿ ಬರುತ್ತವೆ. ಕಲ್ಲಿನ ಮೇಲೆ ಬರೆಸಿದವರು ಬರೆಸುವ ತಾಕತ್ತು ಇದ್ದವರು. ನಮ್ಮ ಅಜ್ಜ ಮುತ್ತಜ್ಜಂದಿರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅದನ್ನು ಹುಡುಕಬೇಕಾದ ಜಾಗ ಬೇರೆ. ಅದು ಕೋರ್ಟಿನ ದಫ್ತರ. ಅಲ್ಲಿ ನಮ್ಮವರು ಪ್ರತಿವಾದಿ ನಂಬರ್ ಮೂರು, ನಾಲ್ಕು ಅಂತ ನಿಂತಿರುತ್ತಾರೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು.

ಕನ್ನಡ ಜಿಲ್ಲೆ 1799ರಲ್ಲಿ ಕಂಪನಿ ಸರ್ಕಾರದ ಕೈಗೆ ಹೋಯಿತು. ಮೊದಲು ಮದ್ರಾಸಿಗೆ ಸೇರಿತ್ತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಸೇರಿಸಿದರು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಮೂರು ಸರ್ಕಾರ ಬದಲಾದರೂ ಘಟ್ಟದ ಮೇಲಿನ ಕೂಲಿಯವನಿಗೆ ಸರ್ಕಾರ ಅಂದರೆ ಸಮನ್ಸು ತರುವ ಬೇಲಿಫನೇ. ದಾವಾ, ಡಿಕ್ರಿ, ದರಖಾಸ್ತು, ಜಪ್ತಿ, ಲಿಲಾವು. ಈ ಮಾತುಗಳು ನಮ್ಮ ಕೇರಿಗಳಿಗೆ ಅಕ್ಷರಕ್ಕಿಂತ ಮೊದಲೇ ಬಂದವು.

1843ರ ಐದನೇ ಕಾಯ್ದೆಯನ್ನು ನಾವೆಲ್ಲ ಓದಬೇಕು. ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆದ ಕಾಯ್ದೆ ಇದು. ಡಿಕ್ರಿ ಜಾರಿಗಾಗಲಿ, ಕಂದಾಯ ವಸೂಲಿಗಾಗಲಿ, ಗುಲಾಮ ಅನ್ನುವ ಕಾರಣಕ್ಕೆ ಯಾವ ಮನುಷ್ಯನನ್ನೂ ಸರ್ಕಾರಿ ಅಧಿಕಾರಿ ಮಾರಬಾರದು ಅಂತ ಅದು ಹೇಳುತ್ತದೆ. ಮಾರಬಾರದು ಅಂತ ಕಾಯ್ದೆ ಮಾಡಬೇಕಾಯಿತು ಅಂದರೆ ಅಲ್ಲಿಯ ತನಕ ಏನು ನಡೆದಿತ್ತು? ದನ, ಪಾತ್ರೆ, ಮನುಷ್ಯ, ಎಲ್ಲವೂ ಸಾಲಕ್ಕೆ ಜಪ್ತಿಯಾಗುವ ಸಾಮಾನು. ಕಾಯ್ದೆ ಬಂದ ಮೇಲೂ ಸಾಲದ ಚೀಟಿ ಉಳಿಯಿತು, ಜೀತ ಉಳಿಯಿತು. ಜೀತವನ್ನು ಕಾಯ್ದೆ ರದ್ದು ಮಾಡಿದ್ದು 1976ರಲ್ಲಿ. ನಡುವೆ ನೂರ ಮೂವತ್ತಮೂರು ವರ್ಷ.

ಗೇಣಿಯ ಕತೆಯೂ ಹೀಗೇ. ಮೂಲಗೇಣಿ ಇದ್ದವನ ಹತ್ತಿರ ಕಾಗದ ಇತ್ತು. ಚಾಲಗೇಣಿಯವನ ಹತ್ತಿರ ಇದ್ದದ್ದು ಒಡೆಯನ ಬಾಯಿಮಾತು. ವರ್ಷ ಮುಗಿದರೆ ಏಳು ಅನ್ನಬಹುದು. ಕೋರ್ಟು ಕೇಳುವುದು ಕಾಗದ. ಕಾಗದ ಬರೆಯುವ ಕೈ ಒಡೆಯನದು, ಶಾನುಭೋಗನದು. ಇನ್ನು ಸಾಕ್ಷಿ ಕಟ್ಟೆಯಲ್ಲಿ ನಿಂತು ಆಡಿದ ಮಾತು? ಸಿವಿಲ್ ದಾವೆಯಲ್ಲಿ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುತ್ತಿರಲಿಲ್ಲ, ನಿರೂಪಣೆಯಾಗಿ ಬರೆಯುತ್ತಿದ್ದರು. ವಕೀಲ ಹೆದರಿಸಿ ಕೇಳಿದ ಪ್ರಶ್ನೆ ಅಳಿಸಿಹೋಗುತ್ತದೆ. ನಮ್ಮವನು ತಡವರಿಸಿ ಕೊಟ್ಟ ಉತ್ತರ ಅವನೇ ಬಂದು ಒಪ್ಪಿಕೊಂಡ ಹಾಗೆ ಉಳಿಯುತ್ತದೆ. ಕಡತ ಓದುವಾಗ ಆ ಕಾಣದ ಪ್ರಶ್ನೆಯನ್ನೂ ಓದಬೇಕು.

ಕಾಡಿನ ಮಾತು ಬಂದರೆ, ಭಾಸ್ಕರಪ್ಪ ವಿರುದ್ಧ ಉತ್ತರ ಕನ್ನಡದ ಕಲೆಕ್ಟರ್ ಅನ್ನುವ ಮೊಕದ್ದಮೆ 1879ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಕಾಡು ಸರ್ಕಾರದ್ದೋ ಪಟ್ಟಾದಾರನದೋ ಅನ್ನುವುದು ಅಲ್ಲಿಯ ಜಗಳ. ಕತ್ತಿ ಹಿಡಿದು ಕುಮರಿ ಕಡಿದು ರಾಗಿ ಬಿತ್ತಿದವನು ಆ ಜಗಳದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಮುಂದೆ ಈ ಮೂರು ತಾಲೂಕುಗಳಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು. ತೋಟ ಇಲ್ಲದವನಿಗೆ ಬೆಟ್ಟವೂ ಇಲ್ಲ. ಒಬ್ಬನಿಗೆ ಸವಲತ್ತಾದ ಸೊಪ್ಪು ಸೌದೆ ಇನ್ನೊಬ್ಬನಿಗೆ ಗುನ್ನೆ.

ಈ ಚರಿತ್ರೆಯಲ್ಲಿ ಒಂದು ಸಲ ಮಾತ್ರ ಬಾಗಿಲು ತೆರೆಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಯಾರು ಅಂತ ತೀರ್ಮಾನಿಸುವ ಅಧಿಕಾರ ಸಿವಿಲ್ ಕೋರ್ಟಿನಿಂದ ಭೂ ನ್ಯಾಯಮಂಡಳಿಗೆ ಹೋಯಿತು. ಮಂಡಳಿಯ ನಾಲ್ವರು ನಾಮಕರಣ ಸದಸ್ಯರಲ್ಲಿ ಒಬ್ಬನಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವನಿರಬೇಕು. ವಕೀಲರಿಗೆ ಪ್ರವೇಶವಿಲ್ಲ. ನಮೂನೆ 7 ತುಂಬಿದ ಗೇಣಿದಾರ ಪ್ರತಿವಾದಿಯಲ್ಲ, ಅರ್ಜಿದಾರ! ವಕೀಲರನ್ನು ಹೊರಗಿಟ್ಟ ಆ ಕಲಮನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು, ಉಳಿದ ಕಾಯ್ದೆ ನಿಂತಿತು. ಆದರೆ ನಮೂನೆ 7 ತುಂಬಲು ಗೇಣಿಯಾದರೂ ಇರಬೇಕಲ್ಲ? ಬರೀ ಕೂಲಿ ಮಾಡಿದ ದಲಿತನಿಗೆ ಗೇಣಿ ಕೊಟ್ಟವರು ಯಾರು? ಉಳುವವನಿಗೇ ಭೂಮಿ ಅನ್ನುವ ಘೋಷಣೆಯಲ್ಲಿ ಕೂಲಿಗೆ ಉತ್ತವನು ಉಳುವವನಾಗಲೇ ಇಲ್ಲ.

ಇದೆಲ್ಲ ಹಳೇ ಕತೆ ಅಂತ ಮಡಚಿಡುವ ಹಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿ 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1930ಕ್ಕೆ ಹೋಗಿ ನಿಲ್ಲಬೇಕು. ಯಲ್ಲಾಪುರ, ಶಿರಸಿ ಕಡೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಈ ಷರತ್ತಿಲ್ಲ. ದಲಿತನಿಗೆ ಇದೆ. ಶಾಲೆಗೆ ಸೇರಿಸದೆ, ಪಹಣಿಯಲ್ಲಿ ಬರೆಯದೆ ಇಟ್ಟವನಿಂದ 75 ವರ್ಷದ ಪುರಾವೆ ಕೇಳುವುದು ಯಾವ ನ್ಯಾಯ?

ಆದರೂ ಆ ಕಾಯ್ದೆಯ ನಿಯಮಗಳಲ್ಲೇ ಒಂದು ದಾರಿ ಇದೆ. ಕೋರ್ಟಿನ ಆದೇಶ, ತೀರ್ಪುಗಳು ಪುರಾವೆಯಾಗುತ್ತವೆ. ಅರ್ಜಿದಾರನಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಇಂಥದೇ ದಾಖಲೆ ಬೇಕು ಅಂತ ಹಟ ಹಿಡಿಯುವಂತಿಲ್ಲ. ಕಾಡಿನಲ್ಲಿ ಬೇಸಾಯ ಮಾಡಿದ ಅಂತ ಅಜ್ಜನಿಗೆ ಹಾಕಿದ ದಂಡ ಮೊಮ್ಮಗನಿಗೆ ಹಕ್ಕಿನ ಸಾಕ್ಷಿ ಆಗಬಹುದು. ಆದರೆ 1917ರ ಕಾಯ್ದೆಯ ಪ್ರಕಾರ ಕೋರ್ಟಿನ ಹಳೆಯ ಕಾಗದಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡಬಹುದು. ಬೆಂಕಿಗೆ ಬೀಳುವುದು ಕಾಗದವಷ್ಟೇ ಅಲ್ಲ, ಒಂದು ಕೇರಿಯ ಗುರುತು.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ಕಾಲೇಜಿನ ಗೆಳೆಯರಲ್ಲಿ ನಮ್ಮ ಮಾತು ಇಷ್ಟೆ. ಕೇರಿಯ ಹಿರಿಯರ ಹತ್ತಿರ ಕೂತು ಕೇಳಿ. ಯಾವ ವರ್ಷ ಯಾರ ಮೇಲೆ ಕೇಸಾಯಿತು, ಯಾರ ಮನೆ ಜಪ್ತಿಯಾಯಿತು, ಎಲ್ಲಿಂದ ಎಬ್ಬಿಸಿದರು, ಬರೆದುಕೊಳ್ಳಿ. ಹೆಸರು, ತಂದೆ ಹೆಸರು, ಊರು, ವರ್ಷ ಹಿಡಿದು ನಕಲಿಗೆ ಅರ್ಜಿ ಹಾಕಿ. ಭೂ ನ್ಯಾಯಮಂಡಳಿಯ ಕಡತಗಳಿಗೆ ತಾಲೂಕು ಕಚೇರಿಯಲ್ಲಿ ಕೇಳಿ. ಇಲ್ಲ ಅಂದರೆ ಇಲ್ಲ ಅಂತಲೇ ಬರೆಸಿಕೊಳ್ಳಿ. ನಮ್ಮವರು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಅವರು ಓದಲಾಗಲಿಲ್ಲ. ಅದನ್ನು ಓದುವುದಕ್ಕೇ ನಾವು ಶಾಲೆಗೆ ಹೋದದ್ದು.